ಮೈಕು ಕೆಟ್ಟಿರಲಿಲ್ಲ

ನಾನು ಒಂದು ಮೈಕು. ಸಭೆಯಲ್ಲಿ ಕೀಂಯ್ ಎನ್ನುವ ಜಾತಿಯವನಲ್ಲ; ಹತ್ತಿರ ಕೂತು ಮಾತಾಡಿದರೆ ಉಸಿರನ್ನೂ ಬಿಡದೆ ಹಿಡಿಯುವವನು. ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ಕೂದಲೆಳೆಯಂಥ ತಂತಿ ಬೆಸೆದು, ಬೆರಳಿನಿಂದ ತಟ್ಟಿ, ಸರಿಯಾಗಿ ಕೇಳಿಸಿತೆಂದು ಖಾತ್ರಿಯಾದ ಮೇಲೇ ನನ್ನನ್ನು ಡಬ್ಬಿಗೆ ಹಾಕಿದಳು.

ಮೊದಲು ಬಳ್ಳಾರಿಯ ಗಣಿತದ ಮೇಷ್ಟ್ರೊಬ್ಬರ ಬಳಿ ಇದ್ದೆ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ನನ್ನ ಮುಂದೆ ಕೂತು ಆನ್‌ಲೈನ್ ಪಾಠ ಹೇಳಿದರು. ತೆರೆದ ಮೇಲೆ ಗಂಗಾವತಿಯ ಅಮರೇಶನಿಗೆ ಮಾರಿದರು. ಅಮರೇಶ ಪಾಡ್‌ಕಾಸ್ಟ್ ಶುರು ಮಾಡುವವನಿದ್ದ. ನನ್ನ ಜೊತೆಗೆ ಆಡಿಯೋ ಇಂಟರ್ಫೇಸ್ ಎಂಬ ಪುಟ್ಟ ಪೆಟ್ಟಿಗೆಯನ್ನೂ ತಂದ. ನಾನು ಕೇಳಿದ್ದನ್ನು ಅದು ಲ್ಯಾಪ್‌ಟಾಪಿಗೆ ಒಯ್ಯಬೇಕು. ರೆಕಾರ್ಡಿಂಗ್ ಆಗುವುದು ಬ್ರೌಸರಿನಲ್ಲಿ. ಲಿಂಕ್ ಒತ್ತಿದರೆ ಹುಬ್ಬಳ್ಳಿಯಿಂದ ಅವನ ಜೊತೆಗಾರ್ತಿ ಶೈಲಾ ಬಂದು ಕೂಡಿಕೊಳ್ಳುತ್ತಿದ್ದಳು.

ಮೊದಲ ರೆಕಾರ್ಡಿಂಗಿಗೇ ಈರಮ್ಮನ ಮನೆಗೆ ಹೋದೆವು. ತೊಗಲುಗೊಂಬೆ ಆಡಿಸುವ ಮನೆತನ. ಪರದೆಯ ಹಿಂದೆ ಕೂತು ರಾಣಿ, ಗೌಡಶಾನಿ, ಜಗಳಗಂಟಿ ಸೊಸೆ, ಕುಂಟ ಮುದುಕಿ, ಎಲ್ಲರಿಗೂ ಮಾತು ಕೊಡುವವಳು ಅವಳೊಬ್ಬಳೇ. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಮುಂದಿನ ವಾರ ಆಪರೇಷನ್. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈರಮ್ಮನ ಸೊಸೆ ದುರುಗವ್ವ ಈ ರೆಕಾರ್ಡಿಂಗನ್ನು ಕೇಳಿ ಕೇಳಿ ಕಲಿಯಬೇಕು, ಇಲ್ಲದಿದ್ದರೆ ಗೊಂಬೆಗಳೆಲ್ಲ ಮೂಕ.

ಈರಮ್ಮ ನನ್ನನ್ನು ಮೇಲೆ ಕೆಳಗೆ ನೋಡಿದಳು. "ತಮ್ಮಾ, ಈ ಕರಿ ಬದನಿಕಾಯಿ ನನ್ನ ಮಾತೆಲ್ಲ ನುಂಗತೈತೇನು?"

"ನುಂಗೂದಲ್ಲಬೇ, ಜ್ವಾಪಾನ ಇಡತೈತಿ."

ಲ್ಯಾಪ್‌ಟಾಪ್ ಬಿಸಿಯಾಗುತ್ತದೆಂದು ಅಮರೇಶ ಅದನ್ನು ಕೂಲರಿನ ಬಾಯಿಗೆ ಇಟ್ಟ. ಈರಮ್ಮ ಶುರು ಮಾಡಿದಳು. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ರಾಣಿಯ ಠೀವಿ, ಮುದುಕಿಯ ಕುಂಟು ಉಸಿರು ಎಲ್ಲವನ್ನೂ ನಾನು ಒಂದು ಚೂರೂ ಚೆಲ್ಲದೆ ದಾಟಿಸಿದೆ. ಪೆಟ್ಟಿಗೆಯ ಹಸಿರು ದೀಪ ಅವಳ ಮಾತಿಗೆ ತಕ್ಕಂತೆ ಕುಣಿಯಿತು.

ನಡುವೆ ಲ್ಯಾಪ್‌ಟಾಪಿನೊಳಗಿಂದ ಶೈಲಾ ಹೇಳಿದಳು: "ಅಮರೇಶ್, ಅವರ ಮಾತು ಬಾವಿಯೊಳಗಿಂದ ಬಂದಂಗದ. ಬ್ರೌಸರಿನಾಗ ಯಾವ ಮೈಕ್ ಆರಿಸೀರಿ, ಸ್ವಲ್ಪ ನೋಡ್ರಿ."

"ನಿಮ್ಮ ಕಡೆ ನೆಟ್ ಸರಿ ಇಲ್ರೀ ಮೇಡಂ. ಇಲ್ಲಿ ದೀಪ ಕುಣ್ಯಾಕತ್ತೈತಿ."

ದೀಪವಂತೆ! ನಾನು ಕೇಳುತ್ತಿದ್ದೇನೆ ಎಂದಷ್ಟೇ ಹೇಳುವ ದೀಪ ಅದು. ಬ್ರೌಸರು ಕೇಳುತ್ತಿದೆಯೋ ಇಲ್ಲವೋ, ಅದಕ್ಕೇನು ಗೊತ್ತು? ಒಂದು ನಿಮಿಷ ನಿಲ್ಲಿಸಿ, ಹಿಂದಕ್ಕೆ ಹಾಕಿ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. "ಸೂಪರ್ ಬಂತಬೇ" ಎಂದು ವಯರು ಸುತ್ತಿದ.

ಈರಮ್ಮ ಆಸ್ಪತ್ರೆ ಸೇರಿ ಆಪರೇಷನ್ ಆದ ಮೇಲೆ ಅವನು ಫೈಲು ತೆರೆದ. ಬರೀ ಕೂಲರಿನ ಬೊರ್ರೋ ಸದ್ದು. ಅದರಡಿ ಸಿಕ್ಕಿ ಹಾಕಿಕೊಂಡಂತೆ ಯಾರದೋ ಗೊಣಗು. ಶೈಲಾ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದಳು: "ಬ್ರೌಸರ್ ಲ್ಯಾಪ್‌ಟಾಪಿನ ಸ್ವಂತ ಮೈಕನ್ನ ಹಿಡಕೊಂಡಿತ್ತು. ನೀವು ಬದಲಿ ಮಾಡೇ ಇಲ್ಲ."

ಎರಡು ತಿಂಗಳು ಕಳೆದು ದುರುಗವ್ವ ರೆಕಾರ್ಡಿಂಗ್ ಕೇಳಿಕೊಂಡು ಬಂದಾಗ ಅವನು ಏನೆಂದ ಗೊತ್ತೇ? "ಮೈಕು ಕೆಟ್ಟಿತ್ತವ್ವಾ. ಸೆಕೆಂಡ್ ಹ್ಯಾಂಡ್ ಮಾಲು ನೋಡು." ಅಷ್ಟೆಂದು ನನ್ನನ್ನೇ ಅವಳ ಚೀಲಕ್ಕೆ ಹಾಕಿದ, ಪರಿಹಾರ ಕೊಟ್ಟವನ ಹಾಗೆ! ನನಗೆ ಕಿವಿ ಕೊಟ್ಟವರು ಬಾಯಿ ಕೊಡಲಿಲ್ಲ. ಕೊಟ್ಟಿದ್ದರೆ ಅವತ್ತು ಗಂಗಾವತಿ ಪೂರ್ತಿ ಕೇಳುವಂತೆ ಕೂಗುತ್ತಿದ್ದೆ.

ಈಗ ಈರಮ್ಮನ ಮನೆಯ ಗೋಡೆಗೂಡಿನಲ್ಲಿ, ಎಣ್ಣೆ ಬಾಟಲಿಯ ಪಕ್ಕ ಬಿದ್ದಿದ್ದೇನೆ. ಎಲ್ಲ ಕೇಳಿದವನು ನಾನು, ಆದರೆ ಏನನ್ನೂ ಇಟ್ಟುಕೊಳ್ಳಲಾರೆ. ಕೆಳಗೆ ಪಾಠ ನಡೆದಿದೆ. ಈರಮ್ಮನ ಕತ್ತಿಗೆ ಬಟ್ಟೆ ಸುತ್ತಿದೆ. ತುಟಿ ಆಡಿಸುತ್ತಾಳೆ, ಕೈಯಲ್ಲಿ ಏರಿಳಿತ ತೋರಿಸುತ್ತಾಳೆ. ದುರುಗವ್ವ ಕುಂಟ ಮುದುಕಿಯ ಮಾತು ಹೇಳುತ್ತಾಳೆ. ತಪ್ಪು. ಈರಮ್ಮ ಅಂಗೈಯಿಂದ ನೆಲಕ್ಕೆ ಬಡಿಯುತ್ತಾಳೆ. ಸೊಸೆ ಮತ್ತೆ ಹೇಳುತ್ತಾಳೆ. ಮತ್ತೆ ಬಡಿತ. ಎಲ್ಲಿ ತಪ್ಪಿತೆಂದು ನನಗೆ ಗೊತ್ತು: ಉಸಿರು ಮಾತಿಗಿಂತ ಮೊದಲು ಕುಂಟಬೇಕು.

ದುರುಗವ್ವನಿಗೆ ರೇಗಿತು. "ಹಂಗಾರ ನೀನೇ ಅಂದು ತೋರಸಬೇ ಅತ್ತಿ!"

ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ಈರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈಯೆತ್ತಿ ನೆಲಕ್ಕೆ ಬಡಿದಳು, ಮತ್ತೊಮ್ಮೆ ಹೇಳು ಅಂತ.