ಕುತ್ತಿಗೆಯಿಲ್ಲದ ಅಂಗಿ

ನಾನು ಒಂದು ವ್ಯಾಕ್ಯೂಮ್ ಕ್ಲೀನರ್. ಹಾಗೆಂದು ಹೇಳಿಕೊಳ್ಳುವಾಗಲೇ ನನಗೆ ಕೊಂಚ ನಾಚಿಕೆ. ಮನೆಯ ಉಳಿದ ಯಂತ್ರಗಳು ಏನಾದರೂ ಕೊಡುತ್ತವೆ: ತಂಪು, ಬೆಳಕು, ಚಟ್ನಿ. ನಾನು ತೆಗೆದುಕೊಳ್ಳುವವನು, ಅದೂ ಕಸವನ್ನು.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಮುಂದೆ ಸೊಂಡಿಲಿನಂಥ ಕೊಳವೆ, ಹೊಟ್ಟೆಯೊಳಗೆ ಬಟ್ಟೆಯ ಚೀಲ, ಅದರ ಹಿಂದೆ ಮೋಟಾರು, ಬೆನ್ನಿಗೆ ಸಾಲಾಗಿ ಕಿಂಡಿಗಳು. ಮುಂದಿನಿಂದ ಎಳೆದ ಗಾಳಿ ಧೂಳನ್ನು ಚೀಲದಲ್ಲಿ ಬಿಟ್ಟು ಬೆನ್ನಿನ ಕಿಂಡಿಗಳಿಂದ ಹೊರಗೆ ಹೋಗಬೇಕು. ನಾನು ಕಲಿತ ವಿದ್ಯೆಯೆಲ್ಲ ಇಷ್ಟೇ.

ಕೆಲವು ಕಾಲ ಅಂಗಡಿಯಲ್ಲಿದ್ದೆ. ಮಾರುವವನು ಗಿರಾಕಿಗಳೆದುರು ಚಾಪೆಯ ಮೇಲೆ ರವೆ ಚೆಲ್ಲುತ್ತಿದ್ದ, ನಾನು ತಿನ್ನುತ್ತಿದ್ದೆ, ನೋಡಿದವರು ಆಹಾ ಎನ್ನುತ್ತಿದ್ದರು. ಹೊಗಳಿಸಿಕೊಂಡು ತಿಂದ ಊಟ ಅದೊಂದೇ.

ಅಲ್ಲಿಂದ ನನ್ನನ್ನು ಕೊಂಡುಹೋದವನು ಲೋಕೇಶ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಅವನ ಮನೆ. ಎರಡೂ ಕಡೆ ಮಗ್ಗಗಳು ಖಟಖಟ ಎನ್ನುತ್ತಿರುತ್ತವೆ. ನೂಲಿನ ಧೂಳು ಹೇಳದೆ ಕೇಳದೆ ಕಿಟಕಿಯಿಂದ ಒಳಗೆ ಬರುತ್ತದೆ. ಆ ಬೀದಿಯವರಿಗೆ ಅದು ಗಾಳಿಯಷ್ಟೇ ಸಹಜ. ಲೋಕೇಶನ ಹೆಂಡತಿ ತನುಜಾಳಿಗೆ ಮಾತ್ರ ಉಬ್ಬಸ. ಪೊರಕೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳ ಉಸಿರಿಗಾಗಿ ನಾನು ಬಂದೆ.

ಲೋಕೇಶನ ತಾಯಿ ಬನಶಂಕರಮ್ಮ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವವರು. ಬೀದಿಯ ಹೆಂಗಸರ ಅಳತೆಯೆಲ್ಲ ಅವರ ಬಾಯಲ್ಲೇ ಇತ್ತು. ಆ ಮನೆಯಲ್ಲಿ ಬಟ್ಟೆಯಿಲ್ಲದೆ ನಿಂತ ವಸ್ತುವೇ ಇರಲಿಲ್ಲ. ಮಿಕ್ಸಿಗೆ ಕುಲಾವಿ, ಫ್ರಿಜ್ಜಿನ ತಲೆಗೆ ಹೊದಿಕೆ, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ. ಹೀಗಿರುವಾಗ ನಾನು ಬರಿಮೈಯಲ್ಲಿ ಬಂದು ನಿಂತೆ.

"ಧೂಳು ಹಿಡೀತದೆ ಕಣೋ. ಇದಕ್ಕೂ ಒಂದು ಅಂಗಿ ಹೊಲಿದುಬಿಡ್ತೀನಿ."

"ಧೂಳು ಹಿಡಿಯೋದೇ ಅದರ ಕೆಲಸ, ಅಮ್ಮ."

"ಒಳಗೆ ಹಿಡೀಲಿ. ಹೊರಗ್ಯಾಕೆ?"

ಸಂಜೆಯೊಳಗೆ ಅಂಗಿ ಸಿದ್ಧವಾಯಿತು. ಹಸಿರು ಬಟ್ಟೆ, ಒಳಗೆ ದಪ್ಪ ಅಸ್ತರು, ಅಂಚಿಗೆ ಜರಿ. ಸೊಂಡಿಲಿಗೊಂದು ತೂತು, ವೈರಿಗೊಂದು ತೂತು, ಬೆನ್ನಿಗೆ ಒತ್ತಾಗಿ ಹುಕ್ಕುಗಳು. ಎಲ್ಲಿಯೂ ಸುಕ್ಕಿಲ್ಲದೆ ಕೂತಿತು. ನನ್ನ ಕಿಂಡಿಗಳು ಆ ಅಸ್ತರಿನ ಹಿಂದೆ ಮರೆಯಾದವು.

ಮರುದಿನದಿಂದಲೇ ನನ್ನ ಮಾನ ಹೋಗಲು ಶುರುವಾಯಿತು. ಸ್ವಿಚ್ ಒತ್ತಿದರೆ ಸದ್ದಿಗೇನೂ ಕಡಿಮೆಯಿಲ್ಲ, ಎಳೆತ ಮಾತ್ರ ಇಲ್ಲ. ಒಂದು ಎಳೆ ನೂಲನ್ನೂ ಎತ್ತಲಾರದೆ ಅತ್ತಿತ್ತ ತಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೈ ಕಾದು ತಾನಾಗಿ ನಿಂತುಹೋಗುತ್ತಿದ್ದೆ. ತನುಜಾ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

ಲೋಕೇಶ ಅಂಗಿ ಬಿಚ್ಚಿ ನನ್ನನ್ನು ನೆಲದ ಮೇಲೆ ಹರಡಿದ. ಚೀಲ ಕೊಡವಿದ, ಜಾಲರಿ ಉಜ್ಜಿದ, ಕೊಳವೆಯೊಳಗೆ ಕಡ್ಡಿ ಆಡಿಸಿದ. ಜೋಡಿಸಿ ಹಾಕಿ ನೋಡಿದರೆ ಅವನ ಅಂಗೈಯನ್ನೇ ಬಿಡದಂತೆ ಎಳೆದೆ. ಅವನಿಗೆ ಖುಷಿಯೋ ಖುಷಿ. ಬನಶಂಕರಮ್ಮ ಅಂಗಿ ತೊಡಿಸಿ ಹುಕ್ಕು ಹಾಕಿದರು. ಮತ್ತೆ ಅದೇ ಕಥೆ.

ಕೊನೆಗೆ ಲೋಕೇಶ ನನ್ನನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ಅಂಗಿ ಕೊಳೆಯಾದೀತೆಂದು ತಾಯಿ ಅದನ್ನು ಮನೆಯಲ್ಲೇ ಬಿಚ್ಚಿಟ್ಟುಕೊಂಡಿದ್ದರು. ಅಲ್ಲಿ ನಾನು ಮೊಳೆ, ಸ್ಕ್ರೂ, ಬೀಡಿಯ ತುಂಡು ಎಲ್ಲವನ್ನೂ ನುಂಗಿ ತೋರಿಸಿದೆ.

"ಏನ್ ಸಾರ್, ಕಲ್ಲಿನಂಗೈತೆ. ಸುಮ್ನೆ ಹೊತ್ಕೊಂಡು ಬಂದಿದ್ದೀರಲ್ಲ?" ಎಂದ ರಿಪೇರಿಯವನು.

ಮನೆಯಲ್ಲಿ ನರಳಿ, ಡಾಕ್ಟರ ಮುಂದೆ ಕುಣಿದಾಡುವ ಮಕ್ಕಳಿರುತ್ತಾರಲ್ಲ, ಆ ಜಾತಿಗೆ ಸೇರಿದೆ. ಲೋಕೇಶ ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ.

ಒಮ್ಮೆ ಅಂಗಿ ಒಗೆಯಲು ಹೋಗಿತ್ತು. ತನುಜಾ ನನ್ನನ್ನು ಹಾಗೆಯೇ ಓಡಿಸಿದಳು. ಮಂಚದಡಿಯ ಧೂಳೆಲ್ಲ ಸರಸರನೆ ನನ್ನ ಹೊಟ್ಟೆ ಸೇರಿತು. ಅವಳು ಕೊಳವೆ ಕೆಳಗಿಟ್ಟು, ನನ್ನ ಬೆನ್ನಿನ ಗಾಳಿಗೆ ಕೈಯೊಡ್ಡಿ, ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಯನ್ನು ನೋಡಿದಳು. ಅರ್ಥವಾಯಿತು. ಹೇಳಲೆಂದು ಅತ್ತೆಯ ಬಳಿ ಹೋದಳು. ಬನಶಂಕರಮ್ಮ ಹಗ್ಗದ ಬಳಿ ನಿಂತು ಅಂಗಿಯ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. "ಬನಕ್ಕನಿಗೆ ಕಣ್ಣು ಮಂಜಾಯ್ತು, ಹೊಲಿಗೆ ಬೇರೆ ಕಡೆ ಕೊಡೋಣ ಅಂತಾವ್ರಂತೆ ಬೀದೀಲಿ. ನೋಡೇ, ಒಂದು ಹೊಲಿಗೆಯಾದ್ರೂ ಸೊಟ್ಟಗೈತಾ?"

"ಇಲ್ಲ ಅತ್ತೆ," ಎಂದಳು ತನುಜಾ.

ಅಂದಿನಿಂದ ಅತ್ತೆ ದೇವಸ್ಥಾನಕ್ಕೆ ಹೋದಾಗ ಅಂಗಿ ಬಿಚ್ಚುವುದು, ಬರುವಷ್ಟರಲ್ಲಿ ತೊಡಿಸುವುದು. ಯಂತ್ರ ರಿಪೇರಿಯಾಯಿತೆಂದು ಮನೆಯವರು ನಂಬಿದರು. ನನಗೆ ಅದೂ ನಾಚಿಕೆಯೇ. ಕದ್ದು ಕೆಲಸ ಮಾಡುವ ಯಂತ್ರ ಇನ್ನೊಂದಿರಲಾರದು.

ಗೌರಿಹಬ್ಬದ ಹೊತ್ತಿಗೆ ಎದುರುಮನೆಯ ಕೆಂಪಲಕ್ಷ್ಮಮ್ಮ ರವಿಕೆ ಒಯ್ಯಲು ಬಂದರು. ಬನಶಂಕರಮ್ಮನಿಗೆ ನನ್ನನ್ನು ತೋರಿಸುವ ಆಸೆ.

"ಅತ್ತೆ, ಕವರು ಬಿಚ್ಚಿ ಓಡಿಸೋಣ, ಕೊಳೆ ಆಗತ್ತೆ," ಎಂದಳು ತನುಜಾ.

"ಬಂದೋರ ಮುಂದೆ ಬರಿಮೈಲಿ ನಿಲ್ಲಿಸ್ತೀಯಾ ಅದನ್ನ?"

ಸ್ವಿಚ್ ಬಿತ್ತು. ನಾನು ಬೊಬ್ಬೆ ಹೊಡೆದೆ. ನೆಲದ ಕಸ ಇದ್ದಲ್ಲೇ ಇತ್ತು. ಸುಟ್ಟ ವಾಸನೆ ಬಂದು, ನಿಂತುಹೋದೆ.

"ಬರೀ ಗಲಾಟೆ ಕಣಕ್ಕ ಇದು," ಎಂದು ಕೆಂಪಲಕ್ಷ್ಮಮ್ಮ ನಕ್ಕರು. "ಸೊಸೆ ಪೊರಕೆ ಹಿಡೀಬಾರ್ದು ಅಂತ ಎಷ್ಟು ವೇಷ!"

ತನುಜಾ ಮೂಲೆಯ ಪೊರಕೆ ತೆಗೆದು ಗುಡಿಸತೊಡಗಿದಳು. ಧೂಳು ಎದ್ದಿತು. ಕೋಣೆಯ ಅರ್ಧ ದಾಟುವುದರೊಳಗೆ ಗೋಡೆ ಹಿಡಿದು ಕುಸಿದಳು. ಎದೆಯಿಂದ ಶಿಳ್ಳೆಯಂಥ ಸದ್ದು. ಅವಳಿಗಾಗಿ ಬಂದ ನಾನು ಪಕ್ಕದಲ್ಲೇ ಜರಿಯಂಚು ಹೊದ್ದು ಕೂತಿದ್ದೆ. ನೆಲ ಬಾಯ್ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಔಷಧಿ ಎಳೆದುಕೊಂಡು ಅವಳ ಉಸಿರು ಹತೋಟಿಗೆ ಬಂತು. ನನ್ನನ್ನು ಪಕ್ಕಕ್ಕೆ ಸರಿಸಲು ಬಂದ ಬನಶಂಕರಮ್ಮ ಬೆನ್ನಿಗೆ ಕೈಯಿಟ್ಟು ಹಿಂತೆಗೆದರು. ಹೆಂಚಿನಂತೆ ಕಾದಿತ್ತು. ಹುಕ್ಕು ಬಿಚ್ಚಿದರು. ಅಸ್ತರು ಕಂದಿದ ಜಾಗದಲ್ಲಿ ಕಿಂಡಿಗಳ ಗುರುತು ಸಾಲಾಗಿ ಮೂಡಿತ್ತು. ಬೆರಳಿನಿಂದ ಕಿಂಡಿಗಳನ್ನು ಸವರಿ, ಸೊಸೆಯತ್ತ ತಿರುಗಿದರು.

"ನಿಂಗೆ ಗೊತ್ತಿತ್ತಾ?"

ತನುಜಾ ತಲೆ ತಗ್ಗಿಸಿದಳು.

"ಬಾಯಿ ಬಿಟ್ಟು ಹೇಳಬಾರ್ದಿತ್ತೇನೇ?"

"ನೀವು ಹೊಲಿದಿದ್ದಲ್ವಾ ಅತ್ತೆ."

ಬನಶಂಕರಮ್ಮ ಅಂಗಿಯನ್ನು ಮಡಿಲಿಗೆ ಎಳೆದುಕೊಂಡರು. ಗಿರಾಕಿ ಎದುರಿಗೇ ಕೂತಿದ್ದಾಳೆ. ಈಗ ಆಡಿದ್ದು ಸಂಜೆಗೆ ಬೀದಿಯ ತುಂಬ ಇರುತ್ತದೆ. ಆದರೂ ಕತ್ತರಿ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

"ಮಿಷಿನ್ನಿಗೇನೂ ಆಗಿಲ್ಲ ಕಣೇ ಕೆಂಪಲಕ್ಷ್ಮಿ. ನನ್ನ ಸೊಸೇದೂ ವೇಷ ಅಲ್ಲ. ತಪ್ಪು ನಂದು. ಕತ್ತೇ ಇಡದೆ ಅಂಗಿ ಹೊಲಿದು ತೊಡಿಸಿಬಿಟ್ಟಿದ್ದೀನಿ."

ಕತ್ತರಿ ಅಸ್ತರನ್ನು ಸೀಳಿತು. ಕೆಂಪಲಕ್ಷ್ಮಮ್ಮ ತಮ್ಮ ಪೊಟ್ಟಣವನ್ನು ಮೆಲ್ಲಗೆ ಬಿಚ್ಚಿದರು.

"ಬನಕ್ಕಾ, ನನ್ನ ರವಿಕೇಲಿ ಕತ್ತು ಐತೆ ತಾನೆ?"

ಮೊದಲು ನಕ್ಕವಳು ತನುಜಾ, ಕೆಮ್ಮುತ್ತಲೇ. ಆಮೇಲೆ ಮೂವರೂ.

ಕಿಂಡಿಗಳ ಅಳತೆಗೆ ಸರಿಯಾಗಿ ನನಗೆ ಕುತ್ತಿಗೆ ಬಂತು, ಸುತ್ತ ಹಸಿರು ಪಟ್ಟಿ. ಆಮೇಲೆ ವರ್ಷಗಟ್ಟಲೆ ಹಗಲು ಹೊತ್ತಿನಲ್ಲಿ, ಎಲ್ಲರೆದುರಿಗೆ, ಅಂಗಿ ತೊಟ್ಟುಕೊಂಡೇ ದುಡಿದೆ.

ಈಗ ಮೋಟಾರು ಸತ್ತಿದೆ. ಹೊಲಿಗೆಯಂತ್ರದ ಪಕ್ಕದ ಮೂಲೆಯಲ್ಲಿ ಕೂತಿದ್ದೇನೆ. ಕಣ್ಣು ಪೂರಾ ಮಂಜಾದ ಬನಶಂಕರಮ್ಮ ತಡವಿಕೊಂಡು ಬಂದು ನನ್ನ ಕುತ್ತಿಗೆಯ ಪಟ್ಟಿ ಸವರುತ್ತಾರೆ. "ಬಿಗಿ ಆಯ್ತಾ?" ಎಂದು ಕೇಳುತ್ತಾರೆ, ಅಳತೆ ನೋಡುವ ಗಿರಾಕಿಯನ್ನು ಕೇಳಿದಂತೆ.

ಇಲ್ಲ ಎನ್ನಲು ಒಂದಿಷ್ಟು ಗಾಳಿ ಬೇಕು. ಅದೂ ನನ್ನಲ್ಲಿಲ್ಲವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.