ಬೋನಿನೊಳಗಿನ ಆಕಳಿಕೆ

"ಇಳ್ಸೋಕೆ ಬಿಡಲ್ಲ ಅಂದ್ರೆ ಬಿಡಲ್ಲ. ಗಾಡಿ ತಿರುಗ್ಸು!"

ಹೆಂಗಸೊಬ್ಬಳು ಕೂಗುತ್ತಿದ್ದುದು ದೀಪ್ತಿಗೆ ತಿರುವಿನಾಚೆಯಿಂದಲೇ ಕೇಳಿಸಿತು. ಸ್ಕೂಟಿ ತಿರುವು ದಾಟುತ್ತಲೇ, ಬೆಳಗಿನಿಂದ ಅವಳು ಬೆನ್ನು ಹತ್ತಿ ಬಂದಿದ್ದ ಪಿಕಪ್ ಗಾಡಿ ಕಂಡಿತು. ಅದರ ಮುಂದೆ ರಸ್ತೆಗಡ್ಡವಾಗಿ ಮರದ ದಿಮ್ಮಿ, ದಿಮ್ಮಿಯಾಚೆ ಬ್ಯಾಕೋಡಿನ ಕಡೆಯ ಒಂದಷ್ಟು ಜನ. ಗಾಡಿಯ ಮೇಲೆ ಎರಡು ಕಬ್ಬಿಣದ ಬೋನುಗಳು. ಒಳಗೆ ಮಂಗಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

ದೀಪ್ತಿ ಹೆಲ್ಮೆಟ್ಟನ್ನೂ ತೆಗೆಯದೆ ನೇರ ಡ್ರೈವರ್ ಬಾಗಿಲಿಗೆ ಹೋದಳು.

"ಇಳಿ ಕೆಳಗೆ. ಯಾರನ್ನ ಕೇಳಿ ಇವನ್ನ ತುಂಬ್ಕೊಂಡು ಬಂದೆ?"

ಡ್ರೈವರ್ ಸುರೇಂದ್ರನಿಗೆ ಅವಳ ಪರಿಚಯವಿತ್ತು. ಹುಂಚದ ಆಚೆಯ ಅವನ ಊರಿನಲ್ಲಿ ಅವಳನ್ನು ಎಲ್ಲರೂ ಮಂಗನ ಮೇಡಂ ಅನ್ನುತ್ತಿದ್ದರು. "ನಾನು ಬಾಡಿಗೆಗೆ ಬಂದವ ಮೇಡಂ. ನಮ್ಮೂರ ಶಿವಮೂರ್ತಿಯವ್ರು ಹೇಳಿದ್ರು, ಇವು ತೋಟ ಹಾಳ್ಮಾಡ್ತಾವೆ, ತುಮರಿ ದಾಟಿ ಎಲ್ಲಾದ್ರೂ ಕಾಡಲ್ಲಿ ಬಿಟ್ಟು ಬಾ ಅಂತ. ನನ್ ಮೇಲೆ ಕೂಗಿದ್ರೆ ಎಂತ ಬಂತು?"

ಶಿವಮೂರ್ತಿಯ ಹೆಸರು ಕೇಳಿ ಅವಳು ಬಾಗಿಲಿನಿಂದ ಹಿಂದೆ ಸರಿದಳು. ತೀರ್ಥಹಳ್ಳಿಯಿಂದ ಆ ಊರಿಗೆ ಅವಳು ಎರಡು ವರ್ಷದಿಂದ ಓಡಾಡುತ್ತಿದ್ದಳು. ಈ ಮಂಗಗಳ ಆಕಳಿಕೆಯೇ ಅವಳ ಸಂಶೋಧನೆಯ ವಿಷಯ. ಒಂದು ಮಂಗ ಆಕಳಿಸಿದರೆ ಪಕ್ಕದ್ದೂ ಆಕಳಿಸುತ್ತದೆಯೇ, ಜೊತೆಯಲ್ಲಿ ಕೂತು ತಿನ್ನುವವುಗಳಿಗೆ ಅದು ಬೇಗ ಅಂಟುತ್ತದೆಯೇ, ದೂರದವಕ್ಕೆ ತಟ್ಟುವುದಿಲ್ಲವೇ ಎಂದು ನೋಡುತ್ತ ದಿನಗಟ್ಟಲೆ ಬಂಡೆಯ ಮೇಲೆ ಕೂರುತ್ತಿದ್ದಳು. ಊರಿನವರು ನಕ್ಕರು. "ಮಂಗ ಬಾಯಿ ತೆಗೆಯೋದು ನೋಡೋಕೂ ಒಂದು ಓದಾ?" ಎಂದರು. ನಗದೆ ಕೇಳಿದವನು ಶಿವಮೂರ್ತಿ ಒಬ್ಬನೇ. ಕರೆದು ಕೂರಿಸಿ ಚಹಾ ಕೊಡುತ್ತಿದ್ದ. ಹೋದ ವಾರ, "ಸಂಜೆ ಮೇಲೆ ಇವು ಯಾವ ಮರಕ್ಕೆ ಹೋಗಿ ಮಲಗ್ತವೆ?" ಎಂದು ವಿಚಾರಿಸಿದ್ದ. ದೀಪ್ತಿ ಖುಷಿಯಿಂದ ಕರೆದುಕೊಂಡು ಹೋಗಿ ಮರ ತೋರಿಸಿ ಬಂದಿದ್ದಳು. ಮಂಗ ಹಿಡಿಯುವವರು ಬೋನು ಇಟ್ಟಿದ್ದು ಅದೇ ಮರದ ಬುಡದಲ್ಲಿ.

ಅವಳು ಬೋನಿನ ಹತ್ತಿರ ಹೋದಳು. ತಾಯಿ ಒಂದರಲ್ಲಿದ್ದರೆ ಮರಿ ಇನ್ನೊಂದರಲ್ಲಿತ್ತು. ಮರಿ ಸರಳಿನ ಸಂದಿಯಿಂದ ಕೈ ಚಾಚಿ ಕೀರಲು ದನಿಯಲ್ಲಿ ಅರಚುತ್ತಿತ್ತು. ಗುಂಪಿನ ದೊಡ್ಡ ಗಂಡು ಮೂಲೆಗೆ ಬೆನ್ನು ಕೊಟ್ಟು ಕೂತು ದವಡೆ ಪೂರ್ತಿ ತೆರೆದು, ಕೋರೆಹಲ್ಲು ಕಾಣುವಂತೆ ಆಕಳಿಸಿತು. ಅದರ ಪಕ್ಕದ್ದು ಆಕಳಿಸಿತು. ಆಮೇಲೆ ಇನ್ನೊಂದು.

"ಪಾಪ, ನಿದ್ದೆಗೆಟ್ಟಿದಾವೆ," ಎಂದ ಸುರೇಂದ್ರ.

"ನಿದ್ದೆ ಅಲ್ಲ ಕಣೋ ಅದು! ಹೆದರಿಕೆ! ಹೆದರಿ ಸಾಯ್ತಿದಾವೆ ಅವು!" ದೀಪ್ತಿ ಕೂಗಿದಳು. ದಿಮ್ಮಿಯ ಕಡೆ ತಿರುಗಿ, "ಸ್ವಲ್ಪ ದಾರಿ ಬಿಡ್ತೀರಾ? ನೆರಳಲ್ಲಿ ನಿಲ್ಸಿ ಬೋನು ಬಿಚ್ಚಬೇಕು. ಇಲ್ದಿದ್ರೆ ಮರಿ ಉಳಿಯಲ್ಲ," ಎಂದಳು.

ಮೊದಲು ಕೂಗುತ್ತಿದ್ದ ಹೆಂಗಸು ದಿಮ್ಮಿ ದಾಟಿ ಮುಂದೆ ಬಂದಳು. ಐವತ್ತರ ಆಸುಪಾಸು. ಗದ್ದೆಯ ಕೆಲಸದಿಂದಲೇ ಎದ್ದು ಬಂದವಳಂತೆ ಸೀರೆ ಎತ್ತಿ ಕಟ್ಟಿದ್ದಳು.

"ಬಿಚ್ಚೋದಾ? ಎಲ್ಲಿ? ನಮ್ಮನೆ ಬಾಗ್ಲಲ್ಲಾ?"

"ಅಮ್ಮಾ, ಕಾಡಲ್ಲಿ..."

"ಕಾಡು ಯಾರದು? ಅಲ್ಲಿ ಒಣಗಿದ ದರಗೆಲೆ ಗುಡ್ಸೋರು ಯಾರು? ನೀನಾ?"

"ಗುತ್ಯಕ್ಕ, ಸಮಾಧಾನ," ಎಂದರು ಹಿಂದಿನಿಂದ ಯಾರೋ.

"ಎಂತ ಸಮಾಧಾನ!" ಗುತ್ಯಮ್ಮ ತಿರುಗಿಯೂ ನೋಡಲಿಲ್ಲ. "ಕೇಳಿಲ್ಲಿ. ಹೋದ್ ವರ್ಷ ಇದೇ ಕಾಡಲ್ಲಿ ಎರಡು ಮಂಗ ಸತ್ತು ಬಿದ್ದಿದ್ವು. ನನ್ ಮಗಳು ಕುಮುದಾ ಕೊಟ್ಟಿಗೆಗೆ ಹಾಸೋಕೆ ದರಗೆಲೆ ಗುಡಿಸ್ಕೊಂಡು ಬಂದ್ಲು. ವಾರದೊಳಗೆ ಜ್ವರ. ಕಣ್ಣು ಕೆಂಡ ಆಗಿತ್ತು. ಸಾಗರಕ್ಕೆ ಒಯ್ದ್ವಿ, ಅಲ್ಲಿಂದ ಮಣಿಪಾಲ. ಮಂಗನ ಕಾಯಿಲೆ ಅಂದ್ರು. ಅಮ್ಮಾ ತಲೆ ಸಿಡೀತದೆ, ತಲೆ ಹಿಡ್ಕ ಅಂತಿದ್ಲು. ನಾನು ಹಿಡ್ಕಂಡೇ ಇದ್ದೆ..."

ದೀಪ್ತಿ ಅವಳ ಮುಖವನ್ನೇ ನೋಡುತ್ತಿದ್ದಳು. ಗುತ್ಯಮ್ಮನ ಹೆಗಲಾಚೆಗೆ ಬೋನು. ದೊಡ್ಡ ಗಂಡು ಮತ್ತೆ ದವಡೆ ತೆರೆಯಿತು. ಆಕಳಿಕೆ ತನ್ನೊಳಗೂ ಏಳುತ್ತಿರುವುದು ದೀಪ್ತಿಗೆ ಗೊತ್ತಾಯಿತು. ಹಲ್ಲು ಕಚ್ಚಿದಳು, ಮೂಗಿನಿಂದ ಉಸಿರೆಳೆದಳು, ಕೈ ಎತ್ತುವಷ್ಟರಲ್ಲಿ ತಡವಾಗಿತ್ತು. ಬಾಯಿ ತಾನಾಗಿ ತೆರೆದುಕೊಂಡು, ಎಲ್ಲರೆದುರು, ಅವಳು ಉದ್ದಕ್ಕೆ ಆಕಳಿಸಿಬಿಟ್ಟಳು.

ಗುತ್ಯಮ್ಮನ ಮಾತು ನಿಂತಿತು.

"ಆಕಳಿಕೆ ಬಂತಾ ನಿಂಗೆ?"

"ಇಲ್ಲ ಅಮ್ಮಾ, ಅದು..."

"ನನ್ ಮಗಳು ಸತ್ತ ಕತೆ ಕೇಳಿ ಆಕಳಿಕೆ ಬಂತಾ?"

ಕಪಾಳಕ್ಕೆ ಬಿದ್ದ ಏಟಿಗೆ ದೀಪ್ತಿಯ ಹೆಲ್ಮೆಟ್ ವಾಲಿತು. ಬೋನುಗಳಲ್ಲಿ ಮಂಗಗಳು ಒಮ್ಮೆಲೇ ಗಲಾಟೆ ಎಬ್ಬಿಸಿದವು. ಸುರೇಂದ್ರ ಹಾರಿ ಬಂದು ಇಬ್ಬರ ನಡುವೆ ನಿಂತ. ದೀಪ್ತಿ ಅವನನ್ನು ಪಕ್ಕಕ್ಕೆ ತಳ್ಳಿದಳು.

"ನಿದ್ದೆ ಬಂದು ಅಲ್ಲಮ್ಮಾ ಅದು," ಎಂದು ಕೂಗಿದಳು. "ಹೆದರಿಕೆ. ಹೆದರಿದಾಗಲೂ ಹಂಗೆ ಬರ್ತದೆ!"

"ನಂಗೂ ಹೆದ್ರಿಕೆನೇ ಕಣೆ!" ಗುತ್ಯಮ್ಮ ಅದಕ್ಕಿಂತ ಜೋರಾಗಿ ಕೂಗಿದಳು. "ಮನೇಲಿ ಇನ್ನೊಬ್ಬಳು ಮಗಳಿದಾಳೆ. ದಿನಾ ಹೆದ್ರಿಕೆ. ನಾನು ಆಕಳಿಸ್ತಿದೀನಾ?"

ದೀಪ್ತಿ ಬೋನಿನ ಕಡೆ ತಿರುಗಿದಳು. ಬಿಸಿಲು ನೇರ ಬೋನಿನ ಮೇಲೆ ಬೀಳುತ್ತಿತ್ತು. ಒಳಗಿದ್ದ ಮುದಿ ಹೆಣ್ಣೊಂದು ಸರಳಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಮೆಲ್ಲನೆ ಜಾರಿ ಕೂತಿತು. ಗುತ್ಯಮ್ಮನೂ ಅದನ್ನು ನೋಡಿದಳು. ನೋಡಿದವಳೇ ದಡಬಡ ರಸ್ತೆ ಪಕ್ಕದ ತನ್ನ ಮನೆಗೆ ಹೋಗಿ ಎರಡು ಕೊಡ ನೀರು ತಂದು ಸುರೇಂದ್ರನ ಮುಂದೆ ಕುಕ್ಕಿದಳು.

"ಸುರಿ. ನೋಡ್ತಾ ನಿಂತೀಯಲ್ಲ! ಅದು ಇಲ್ಲಿ ಸತ್ರೆ ಅದರ ಮೈಮೇಲೆ ರಕ್ತ ಹೀರೋ ಉಣುಗೆಲ್ಲ ಕಾಯಿಲೆ ಹೊತ್ಕಂಡು ನಮ್ಮೂರಿಗೇ ಇಳೀತದೆ."

ಸುರೇಂದ್ರ ನೀರು ಸುರಿದ. ಮಂಗಗಳು ಸರಳು ನೆಕ್ಕಿದವು, ತಮ್ಮ ಕೈಗಳನ್ನು ತಾವೇ ಚೀಪಿದವು. ಆಮೇಲೆ ಅವನು ಶಿವಮೂರ್ತಿಗೆ ಫೋನ್ ಮಾಡಿದ. ಆಚೆಯ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು. "ಎಲ್ಲಾದ್ರೂ ಬಿಡು ಮಾರಾಯ. ವಾಪಸ್ ಮಾತ್ರ ತರಬೇಡ."

ದೀಪ್ತಿ ಫೋನ್ ಕಿತ್ತುಕೊಂಡಳು. "ವಾಪಸ್ಸೇ ತರ್ತಿದೀವಿ ಶಿವಮೂರ್ತಿಯವ್ರೇ. ಅದೇ ಮರದ ಬುಡದಲ್ಲಿ ಬಿಚ್ತೀನಿ. ಅಲ್ಲಿಗೇ ಬನ್ನಿ, ಮಾತಾಡೋಣ."

"ಹೋಯ್ ಮೇಡಂ, ನಮ್ಮೂರ ಜನ ಸುಮ್ನೆ ಬಿಡಲ್ಲ. ಹೊಡೀತಾರೆ," ಎಂದ ಸುರೇಂದ್ರ.

"ಹೊಡೀಲಿ. ಒಂದು ಆಗ್ಲೇ ಬಿತ್ತಲ್ಲ."

ಯಾರೋ ನಗಲು ಹೋಗಿ ಗುತ್ಯಮ್ಮನ ಮುಖ ನೋಡಿ ಸುಮ್ಮನಾದರು. ಇಬ್ಬರು ಗಂಡಸರು ಗಾಡಿ ಹತ್ತಿ, ಮರಿ ತಾಯಿಯ ಕೈಗೆ ಸಿಗುವಂತೆ ಎರಡು ಬೋನುಗಳನ್ನು ಒಂದಕ್ಕೊಂದು ತಾಗಿಸಿಟ್ಟು ಹಗ್ಗ ಬಿಗಿದರು. ದೀಪ್ತಿ ಹೆಲ್ಮೆಟ್ ತೆಗೆದು, ಡ್ರೈವರ್ ಪಕ್ಕದ ಬಾಗಿಲು ತೆರೆದು ಕಾಲಿಡುತ್ತಿದ್ದಳು. ಹಿಂದಿನಿಂದ ಗುತ್ಯಮ್ಮ ಅವಳ ರಟ್ಟೆ ಹಿಡಿದೆಳೆದಳು.

"ನಿಲ್ಲು."

ಇನ್ನೊಂದು ಏಟು ಎಂದುಕೊಂಡು ದೀಪ್ತಿ ಕಣ್ಣು ಮುಚ್ಚಿದಳು. ಗುತ್ಯಮ್ಮನ ಒರಟು ಬೆರಳುಗಳು ಅವಳ ಜಡೆಯನ್ನು ಪಕ್ಕಕ್ಕೆ ಸರಿಸಿದವು. ಕಿವಿಯ ಹಿಂದೆ ಚುರುಕ್ ಎಂದಿತು.

"ನೋಡು. ಉಣುಗು. ಎರಡು ವರ್ಷ ಮಂಗ ನೋಡಿದ್ಯಂತೆ, ನಿನ್ ಕುತ್ತಿಗೆ ನೋಡ್ಕಳ್ಳೋಕೆ ಬರಲ್ಲ." ಕಿತ್ತ ಉಣುಗನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಅರೆದಳು. ಮನೆಯ ಕಡೆ ತಿರುಗಿ ಕೂಗಿದಳು, "ವಂದನಾ, ಆಸ್ಪತ್ರೆಯವ್ರು ಕೊಟ್ಟ ಉಣುಗಿನ ಎಣ್ಣೆ ಬಾಟ್ಲಿ ತಾರೆ!"

ಹುಡುಗಿಯೊಬ್ಬಳು ಬಾಟಲಿ ತಂದು ಕೊಟ್ಟು, ಬೋನಿನ ಕಡೆ ನೋಡದೆ ಓಡಿದಳು. ಗುತ್ಯಮ್ಮ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ದೀಪ್ತಿಯ ಕೈ, ಕುತ್ತಿಗೆ, ಕಾಲಿನ ಮೀನಖಂಡದವರೆಗೆ ಗಸಗಸ ತಿಕ್ಕಿದಳು. ಚರ್ಮ ಉರಿಯುವಷ್ಟು ಒರಟಾಗಿ ತಿಕ್ಕಿದಳು. ದೀಪ್ತಿ ಕೈ ಚಾಚಿ ನಿಂತಿದ್ದಳು.

"ಜ್ವರ ಬಂದ್ರೆ ಮಾತ್ರೆ ನುಂಗಿ ಮನೇಲಿ ಮಲಗ್ಬೇಡ. ಆಸ್ಪತ್ರೆಗೆ ಹೋಗು," ಎಂದಳು ಕೊನೆಗೆ. "ನಿನ್ ಸ್ಕೂಟಿ ನಮ್ಮಂಗಳದಲ್ಲಿ ಇರ್ಲಿ. ತಗಂಡು ಹೋಗೋಕೆ ಒಬ್ಬಳೇ ಬಾ. ಇವುಗಳ್ನ ಮತ್ತೆ ತಂದ್ಯೋ, ಆಗ ಇದೆ ನಿಂಗೆ."

ಗಾಡಿ ಹಿಂದೆ ಮುಂದೆ ಮಾಡಿ ತಿರುಗಿಕೊಂಡಿತು. ಸುರೇಂದ್ರ ಏನೋ ಗೊಣಗುತ್ತಿದ್ದ. ದೀಪ್ತಿಯ ಕೆನ್ನೆ ಇನ್ನೂ ಉರಿಯುತ್ತಿತ್ತು. ಶಿವಮೂರ್ತಿಗೆ ಹೇಳಬೇಕಾದದ್ದನ್ನು ಅವಳು ಒಂದೊಂದೇ ಮಾತಾಗಿ ಹಲ್ಲಿನೊಳಗೇ ಜೋಡಿಸಿಕೊಳ್ಳುತ್ತಿದ್ದಳು. ಪಕ್ಕದ ಕನ್ನಡಿಯಲ್ಲಿ ದಿಮ್ಮಿ ಸರಿಸುವ ಜನ ಕಂಡರು. ಅವರಿಂದ ದೂರ, ರಸ್ತೆಯ ನಡುವೆ, ಗುತ್ಯಮ್ಮ ಒಬ್ಬಳೇ ನಿಂತು, ಉಣುಗು ಹತ್ತಿದೆಯೇ ಎಂದು ತನ್ನ ಸೀರೆಯ ನೆರಿಗೆಗಳನ್ನು ಬಿಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದಳು.