ಅಧ್ಯಯನ ಪ್ರವಾಸ ಮತ್ತು ಒಂದು ಹೊಂಗೆಮರ

ಪಟ್ಟಣ ಪಂಚಾಯಿತಿಯವರು ಬೆಂಗಳೂರಿನ ಪಾರ್ಕುಗಳನ್ನು ನೋಡಲು ಹೊರಟಿದ್ದಕ್ಕೆ ಅಧ್ಯಯನ ಪ್ರವಾಸ ಎಂದು ಹೆಸರು. ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಖಾಲಿ ಜಾಗಕ್ಕೆ ಪಾರ್ಕು ಮಂಜೂರಾಗಿತ್ತು. ಖಾಲಿ ಎಂದರೆ ಕಾಗದದ ಮೇಲೆ ಖಾಲಿ. ಅಲ್ಲೊಂದು ಹೊಂಗೆಮರವಿತ್ತು, ಅದರ ಕೆಳಗೆ ರಾಮನಾಥಪುರದ ಬಸ್ಸು ಕಾಯುವವರಿದ್ದರು, ಅವರಿಗೆ ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಕೊಡುವ ಮಾರಮ್ಮ ಇದ್ದಳು.

ಮಾರಮ್ಮನ ಮಗ ಶಾಂತರಾಜು ಮೀಸಲು ವಾರ್ಡಿನಿಂದ ಗೆದ್ದ ಸದಸ್ಯ. ಅವ್ವನ ಜಾಗ ಉಳಿಸಿ ಎಂದು ಒಂದು ಮಾತು ಕೇಳುವುದಕ್ಕೇ ಅವನು ವ್ಯಾನು ಹತ್ತಿದ್ದ. ಚನ್ನರಾಯಪಟ್ಟಣ ಬರುವವರೆಗೂ ಆ ಮಾತನ್ನು ಬಾಯೊಳಗೇ ತಿರುಗಿಸುತ್ತಿದ್ದ. ಅಷ್ಟರಲ್ಲಿ ಅಧ್ಯಕ್ಷ ದೇವರಾಜ್ ನಿದ್ದೆ ಹೋದರು.

ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಹಿರಿಯ ಸದಸ್ಯ ಗಂಗಾಧರಯ್ಯ, "ಇಂತವು ನಮ್ ಕಡೆ ಒಲದೊಲಕ್ಕೂ ಅವೆ. ಟಿಕೀಟ್ ಮಡಗಿಲ್ಲ ಅಷ್ಟೇಯ" ಎಂದರು. ದೇವರಾಜ್ ಬಂಡೆಯನ್ನಾಗಲಿ ಗಾಜಿನ ಮನೆಯನ್ನಾಗಲಿ ನೋಡಲಿಲ್ಲ. ಕಬ್ಬಿಣದ ಬೇಲಿಯನ್ನು ಗೇಣು ಹಾಕಿ ಅಳೆಯುತ್ತಿದ್ದರು. ಸದಸ್ಯೆ ಕಮಲಾಕ್ಷಮ್ಮನವರು ಮಾತ್ರ ಗಿಡಗಳನ್ನು ನಿಜವಾಗಿ ಅಧ್ಯಯನ ಮಾಡಿದರು. ಒಳ್ಳೆಯ ಬಣ್ಣದ ಕ್ರೋಟನ್ ಕಂಡಲ್ಲೆಲ್ಲ ಒಂದೊಂದು ಕಡ್ಡಿ ಮುರಿದು, ಸೆರಗಿನ ಮರೆಯಲ್ಲಿ ಚೀಲಕ್ಕೆ ಸೇರಿಸುತ್ತ ಬಂದರು. ಚೀಲ ಭಾರವಾದಾಗ, "ಒಸಿ ಇಡ್ಕಳಪ್ಪ" ಎಂದು ಶಾಂತರಾಜುವಿನ ಕೈಗಿತ್ತರು.

ಸೀಟಿ ಕೇಳಿಸಿತು.

"ಏಯ್, ಚೀಲ ಬಿಚ್ಚು" ಎಂದ ಕಾವಲುಗಾರ.

"ಸಾ, ನಾನು ಮೆಂಬರು."

"ಯಾವ ಮೆಂಬರು? ವಾಕಿಂಗ್ ಕ್ಲಬ್ಬಾ?"

ಕಮಲಾಕ್ಷಮ್ಮನವರು ತಾವರೆಕೊಳವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ದೇವರಾಜ್ ಮುಂದೆ ಬಂದು ಕಾವಲುಗಾರನ ಭುಜ ತಟ್ಟಿದರು. "ನಮ್ಮುಡುಗ ಕಣಪ್ಪ, ಗೊತ್ತಾಗ್ದೆ ಮಾಡ್ಬುಟ್ಟವ್ನೆ. ಬುಟ್ಬುಡು."

ನಮ್ಮ ಹುಡುಗನಿಗೆ ಕಿವಿಯ ಮೇಲೆ ಕೂದಲು ನರೆತಿತ್ತು. ಅವನು ಕಡ್ಡಿಗಳನ್ನೆಲ್ಲ ತೆಗೆದು ಕಾವಲುಗಾರನ ಕೈಗೆ ಕೊಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಅಧ್ಯಕ್ಷರ ಹತ್ತಿರ ಒಂದು ಮಾತು ಕೇಳುವುದಿತ್ತಲ್ಲ.

ಮಧ್ಯಾಹ್ನ ಒಂದು ಬಡಾವಣೆಯ ಪಾರ್ಕಿಗೆ ಹೋದರು. ಬೀಗ ಹಾಕಿತ್ತು. ಬೆಳಿಗ್ಗೆ ಸಂಜೆ ಮಾತ್ರ ಪ್ರವೇಶ ಎಂದು ಬೋರ್ಡು ಹೇಳುತ್ತಿತ್ತು. ಒಳಗೆ ನೆರಳು, ಕಲ್ಲುಬೆಂಚು, ಒಂದು ನಾಯಿ. ಹೊರಗೆ ಬಿಸಿಲಲ್ಲಿ ಆಟೋದವರು, ಸೊಪ್ಪಿನವರು, ಅಧ್ಯಯನ ತಂಡ. ದೇವರಾಜ್ ಸರಳು ಹಿಡಿದು ಬಹಳ ಹೊತ್ತು ನೋಡಿ, ಶಾಂತರಾಜುವಿನ ಕಡೆ ತಿರುಗಿದರು.

"ಪಾರ್ಕು ಅಂದ್ರೆ ಇದು ಕಣ್ಲಾ. ಎಷ್ಟ್ ಕಿಲೀನಾಗದೆ ನೋಡು. ಒಬ್ರೂ ಇಲ್ಲ."

ಶಾಂತರಾಜುವಿಗೆ ಇದಕ್ಕಿಂತ ಒಳ್ಳೆಯ ಸಮಯ ಬರುವಂತಿರಲಿಲ್ಲ. "ಗೌಡ್ರೇ, ಮಟಮಟ ಮಧ್ಯಾಹ್ನ ಬೀಗ ಆಕುದ್ರೆ ಬಸ್ ಕಾಯೋರು ಎಲ್ ಕೂತ್ಕಬೇಕು?"

"ಬಸ್‌ಸ್ಟ್ಯಾಂಡಲ್ಲಿ."

"ಅಲ್ಲಿ ಸೂರಿಲ್ಲವಲ್ಲ. ಆಮೇಲೆ ನಮ್ಮವ್ವ..."

"ಓ, ಮಾರಮ್ಮನ್ ಚಿಂತೆಯಾ ನಿಂಗೆ? ಗೇಟಿಂದ ಆಚೆ ಜಾಗ ಕೊಡ್ಸಾನ ಬುಡು. ಆಚೆ ಏನ್ ಕಮ್ಮಿ?"

"ಆಚೆ ನೆಳ್ಳಿಲ್ಲ ಗೌಡ್ರೇ."

"ಛತ್ರಿ ಇಡ್ಕಳ್ಲಿ" ಎಂದರು ಗಂಗಾಧರಯ್ಯ. ಎಲ್ಲರೂ ನಕ್ಕರು. ಶಾಂತರಾಜು ಕೂಡ ಕೊಂಚ ನಕ್ಕ. ನಗದಿದ್ದರೆ ಸಿಟ್ಟು ಬಂದಿದೆ ಎಂದುಕೊಳ್ಳುತ್ತಾರೆ.

ದೇವರಾಜ್ ಅವನ ಹೆಗಲ ಮೇಲೆ ಕೈ ಹಾಕಿದರು. "ನೋಡು, ಸೋಮವಾರದ ಮೀಟಿಂಗಲ್ಲಿ ಗೇಟು ಬೀಗದ ಇಸ್ಯ ನೀನೇ ಎತ್ತು. ನೀನ್ ಯೋಳುದ್ರೆ ನಿಮ್ ಜನ ಯಾರೂ ಸೊಲ್ಲೆತ್ತಲ್ಲ. ಸೂಚಕರು ಸಿರೀ ಶಾಂತರಾಜು ಅಂತ ಬರುಸ್ತೀನಿ."

ಲೇ ಎನ್ನುವ ಬಾಯಲ್ಲಿ ಶ್ರೀ ಬರಬೇಕಾದರೆ ಬೀಗದಂಥದ್ದೇನೋ ಬೇಕಾಗುತ್ತದೆ. ಆಗಲಿ ಎಂದೂ ಶಾಂತರಾಜು ಹೇಳಲಿಲ್ಲ, ಆಗದು ಎಂದೂ ಹೇಳಲಿಲ್ಲ. ಹೇಳದಿದ್ದದ್ದನ್ನು ಆಗಲಿ ಎಂದೇ ಬರೆದುಕೊಳ್ಳುವುದು ಪಂಚಾಯಿತಿಯ ಪದ್ಧತಿ.

ವಾಪಸು ಬರುವಾಗ ವ್ಯಾನಿನಲ್ಲಿ ಅವನ ಫೋನು ಹೊಡೆದುಕೊಂಡಿತು.

"ಪಾರ್ಕು ಎಂಗವೆ ಮಗ?"

"ಚೆನ್ನಾಗವೆ ಕಣವ್ವ."

"ನೆಳ್ಳದಾ?"

"ಬೇಕಾದಂಗದೆ."

"ಅಂಗಾದ್ರೆ ನಮ್ಮೂರ್ಗೂ ಬರ್ಲಿ ಬುಡು. ಆ ಹೊಂಗೆಮರ ಒಂದ್ರ ಕೆಳ್ಗೆ ಎಷ್ಟ್ ಜನ ಅಂತ ಕೂತ್ಕಂಡಾರು. ನೀನೇ ಕೇಳು ಗೌಡ್ರ, ನಿನ್ ಮಾತು ತೆಗ್ದಾಕಲ್ಲ."

"ಕೇಳ್ದೆ ಕಣವ್ವ" ಎಂದು ಶಾಂತರಾಜು ಫೋನು ಇಟ್ಟ.

ಮುಂದಿನ ಸೀಟಿನಿಂದ ಕಮಲಾಕ್ಷಮ್ಮನವರು ತಿರುಗಿ, ಸೊಂಟದಿಂದ ಒಂದು ಕೆಂಪು ಕ್ರೋಟನ್ ಕಡ್ಡಿ ತೆಗೆದು ಚಾಚಿದರು. ಕಾವಲುಗಾರ ಅಲ್ಲಿಯವರೆಗೆ ಹುಡುಕಿರಲಿಲ್ಲ. "ಪಾಪ, ನನ್ನಿಂದ ನೀನ್ ಬೈಸ್ಕಂಡೆ. ತಕ್ಕ, ನಿಮ್ಮವ್ವಂಗೆ ಕೊಡು. ನೆಟ್ಕಳ್ಲಿ."

"ಎಲ್ ನೆಡಾದು ಅಕ್ಕ?"

ಕಮಲಾಕ್ಷಮ್ಮ ಕಡ್ಡಿಯನ್ನು ಅವನ ಜೇಬಿಗೆ ಸಿಕ್ಕಿಸಿದರು.

"ಎಂಗೂ ಪಾರ್ಕಾಯ್ತದಲ್ಲ" ಎಂದರು. "ಅಲ್ಲೇ ನೆಡ್ಲಿ."